ತುಕ್ಕು ಹಿಡಿಯದ ತಗಡು

ಬೆಳಿಗ್ಗೆ ಏಳೂವರೆಗೆ ಟ್ರಸ್ಟಿನ ಮುಖ್ಯ ಕಚೇರಿಯಿಂದ ಮೇಡಂ ಫೋನ್ ಮಾಡಿದಾಗ ಸಂಯೋಜಕ ತನ್ನ ಮನೆಯ ತಾರಸಿಯ ಮೇಲೆ ನಿಂತು ನೀರಿನ ಟ್ಯಾಂಕಿನ ಮುಚ್ಚಳ ಎತ್ತಿ ಒಳಗೆ ಇಣುಕುತ್ತಿದ್ದ.

"ಇವತ್ತು ಹನ್ನೊಂದಕ್ಕೆ ಬರ್ತಿದ್ದೀನಿ. ನಿಮ್ಮ ನಾಲ್ಕೂ ಯೋಜನೆ ನೋಡ್ಬೇಕು. ಮುಖ್ಯವಾಗಿ ನಾಲ್ಕೂ ಫಲಕ ನೋಡ್ಬೇಕು," ಎಂದು ಹೇಳಿ ಅವರು ಫೋನ್ ಇಟ್ಟರು.

ಸಂಯೋಜಕ ಕೈಯಲ್ಲಿದ್ದ ಮುಚ್ಚಳವನ್ನು ನೋಡಿದ. ದುಂಡಗೆ ಕತ್ತರಿಸಿದ ಆ ತಗಡಿನ ಮೇಲೆ 'ಕಲ್ಯಾಣ ಯೋಜ' ಎಂಬ ಅಕ್ಷರಗಳು ಬೆಳಗಿನ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು.

ಅವನದು ಒಂದು ಬಣ್ಣದ ಕಂಪನಿಯ ಟ್ರಸ್ಟಿನಲ್ಲಿ ಕೆಲಸ. ಕಂಪನಿ ಗೋಡೆಗೆ ಬಣ್ಣ ಮಾರುತ್ತದೆ, ಟ್ರಸ್ಟು ಜನರಿಗೆ ಒಳ್ಳೆಯದು ಮಾಡುತ್ತದೆ. ಈ ಬಡಾವಣೆಯಲ್ಲಿ ಕುಡಿಯುವ ನೀರಿನ ಘಟಕ, ಹೊಲಿಗೆ ಕೇಂದ್ರ, ವಾಚನಾಲಯ, ಬಸ್ ತಂಗುದಾಣ ಎಂದು ನಾಲ್ಕು ಒಳ್ಳೆಯದು ಆಗಿದ್ದವು. ನಾಲ್ಕೂ ಚೆನ್ನಾಗಿಯೇ ನಡೆಯುತ್ತಿದ್ದವು ಎಂಬುದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಅದನ್ನು ಯಾರೂ ಕೇಳುವುದಿಲ್ಲ. ಟ್ರಸ್ಟು ಕೇಳುವುದು ಫಲಕ. ಫಲಕವಿಲ್ಲದ ಯೋಜನೆ ಲೆಕ್ಕಕ್ಕಿಲ್ಲ ಎಂದು ನಿಯಮಾವಳಿಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಮುಖ್ಯ ಕಚೇರಿ ಎಲ್ಲ ಊರಿಗೂ ಒಂದೇ ಥರದ ಫಲಕ ಮಾಡಿಸಿ ಕಳಿಸುತ್ತಿತ್ತು. ಬಾಗಿಲಿನ ಅರ್ಧದಷ್ಟು ದೊಡ್ಡ ಕಬ್ಬಿಣದ ತಗಡು, 'ನಮ್ಮ ಟ್ರಸ್ಟಿನ ಜನಕಲ್ಯಾಣ ಯೋಜನೆ' ಎಂಬ ಬರಹ, ಕೆಳಗೆ ಕಂಪನಿಯ ಲಾಂಛನ. ಬಳಿದದ್ದು ಕಂಪನಿಯದೇ ಬಣ್ಣವಾದ್ದರಿಂದ ಎಷ್ಟು ಮಳೆ ಹೊಯ್ದರೂ ತುಕ್ಕು ಹಿಡಿಯುತ್ತಿರಲಿಲ್ಲ. ಎಡವಟ್ಟಾದದ್ದೇ ಅಲ್ಲಿ. ತುಕ್ಕು ಹಿಡಿಯದ ತಗಡು ಬರೀ ಕೊಕ್ಕೆಗೆ ನೇತಾಡುತ್ತಿದ್ದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಒಂದು ದೊಡ್ಡ ಗಾಳಿಗೆ ಮೂರು ಫಲಕ ಕಳಚಿ ಬಿದ್ದವು. ಹೊಲಿಗೆ ಕೇಂದ್ರದ್ದನ್ನು ಸಂಯೋಜಕನ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ 'ಜೋಪಾನವಾಗಿ ಇಟ್ಟಿರ್ತೀನಿ' ಎಂದು ಒಯ್ದು, ಎರಡು ತುಂಡು ಮಾಡಿ, ಕೋಳಿಗೂಡಿಗೆ ಸೂರು ಹೊದಿಸಿದ್ದರು. ವಾಚನಾಲಯದ್ದು ಕ್ಷೌರದಂಗಡಿಯ ಮುಂದಿನ ಚರಂಡಿಗೆ ಸೇತುವೆಯಾಗಿ, ಸಿಮೆಂಟಿನಲ್ಲಿ ಹೂತು ಕೂತಿತ್ತು. ತಂಗುದಾಣದ್ದನ್ನು ಸಂಯೋಜಕ ತಾನೇ ಮನೆಗೆ ತಂದಿದ್ದ. ಮತ್ತೆ ತೂಗುಹಾಕುವ ಉದ್ದೇಶ ಅವನಿಗೆ ನಿಜವಾಗಿ ಇತ್ತು. ಅಷ್ಟರಲ್ಲಿ ಹೆಂಡತಿ ತಗಡಿನ ಕೆಲಸದವನನ್ನು ಕರೆಸಿಬಿಟ್ಟಿದ್ದಳು.

"ನೋಡಿದ್ಯಾ ನಿನ್ನ ಮುಚ್ಚಳದ ಪ್ರತಾಪ!" ಎಂದು ಅವನು ತಾರಸಿಯಿಂದಲೇ ಕೂಗಿದ.

"ಮುಚ್ಚಳ ಹಾಕಿದ ಮೇಲೆ ಟ್ಯಾಂಕಿಗೆ ಒಂದು ಕಾಗೆ ಬಿದ್ದಿದ್ಯಾ ಹೇಳಿ," ಎಂದು ಹೆಂಡತಿ ಕೆಳಗಿನಿಂದ ಕೇಳಿದಳು.

ಕಾಗೆಯ ಮಾತು ಹಾಗಿರಲಿ, ನೌಕರಿಯ ಗತಿಯೇನು? ಅವನ ನೌಕರಿ ವರ್ಷ ವರ್ಷಕ್ಕೆ ಮುಂದುವರಿಸುವಂಥದ್ದು. ಈ ವರ್ಷದ ಅವಧಿ ಶನಿವಾರಕ್ಕೆ ಮುಗಿಯುತ್ತಿತ್ತು, ಇವತ್ತು ಗುರುವಾರ. ಮುಂದುವರಿಕೆಯ ಕಾಗದ ಕೊಡುವವರು ಇದೇ ಮೇಡಂ. ವಯಸ್ಸು ನಲವತ್ತಾರು. ಇನ್ನೊಂದು ಕಡೆ ಕೆಲಸ ಹುಡುಕಿಕೊಂಡು ಹೊರಟರೆ ಕೂರಿಸಿ ನೀರು ಕೊಡುತ್ತಾರೆ, ಕೆಲಸ ಕೊಡುವುದಿಲ್ಲ. ಅವನಿಗೆ ಅಳು ಬರುವುದೊಂದು ಬಾಕಿ.

ಗಂಡ ಹೆಂಡತಿಯ ಮಾತು ಕಾಂಪೌಂಡು ದಾಟಿದ್ದೇ ತಡ, ಪೋಸ್ಟ್‌ಮ್ಯಾನ್ ಸ್ಕೂಟರ್ ತಳ್ಳಿಕೊಂಡು ಬಂದರು.

"ಅಲ್ರೀ, ಇದಕ್ಕೆಲ್ಲ ತಲೆ ಕೆಡಿಸ್ಕೋತಾರಾ? ನೀರಿನ ಘಟಕದ್ದು ಒಂದು ಉಳಿದಿದೆ ತಾನೆ? ಎಲ್ಲಾದಕ್ಕೂ ಬರಹ ಒಂದೇ ತಾನೆ? ಮೇಡಂ ಒಂದು ಕಡೆ ನೋಡಿ ಕಾರು ಹತ್ತಿದ ತಕ್ಷಣ ನಾನು ಅದನ್ನ ಬಿಚ್ಕೊಂಡು, ಅವರು ತಲುಪೋದ್ರೊಳಗೆ ಮುಂದಿನ ಕಡೆ ನೇತು ಹಾಕ್ತೀನಿ. ಮೂವತ್ತೈದು ವರ್ಷ ಮನೆ ಮನೆಗೆ ಟಪಾಲು ಮುಟ್ಟಿಸಿದವನು ನಾನು. ಒಂದು ತಗಡು ಮುಟ್ಟಿಸೋದು ಏನು ಮಹಾ?"

"ಸಿಕ್ಕಿಬಿದ್ರೆ?"

"ನನ್ನ ಕೋಳಿಗಳು ನಿಮ್ಮ ಋಣದಲ್ಲಿವೆ ಕಣ್ರೀ. ನಿಮ್ಮನ್ನ ಕೈಬಿಡ್ತೀನಾ?"

ಬೇರೆ ದಾರಿ ಕಾಣಲಿಲ್ಲ. ಸಂಯೋಜಕ ತಲೆಯಾಡಿಸಿದ.

ಹನ್ನೊಂದಕ್ಕೆ ಸರಿಯಾಗಿ ಮೇಡಂ ಕಾರು ನೀರಿನ ಘಟಕದ ಮುಂದೆ ನಿಂತಿತು. ಕೈಯಲ್ಲೊಂದು ಕಡತ, ಕಡತದೊಳಗೆ ಒಂದು ಉದ್ದ ಲಕೋಟೆ. ಲಕೋಟೆಯ ತುದಿ ಕಾಣುತ್ತಿದ್ದಂತೆ ಅದು ತನ್ನ ಮುಂದುವರಿಕೆಯ ಕಾಗದವೇ ಎಂದು ಸಂಯೋಜಕ ಊಹಿಸಿದ. ಮೇಡಂ ನೀರು ಕುಡಿದು ನೋಡಲಿಲ್ಲ, ಕೊಡ ಹಿಡಿದು ನಿಂತ ಹೆಂಗಸರನ್ನು ಮಾತಾಡಿಸಲೂ ಇಲ್ಲ. ನೇರ ಫಲಕದ ಮುಂದೆ ಹೋಗಿ ನಿಂತು, ಮೇಲಿಂದ ಕೆಳಗೆ ನೋಡಿ, "ಒಂದು," ಎಂದು ಬರೆದುಕೊಂಡರು.

ಅವರನ್ನು ಹೊಲಿಗೆ ಕೇಂದ್ರಕ್ಕೆ ಸುತ್ತುದಾರಿಯಲ್ಲಿ ಕರೆದೊಯ್ದದ್ದಾಯಿತು. ಕಾರು ತಲುಪಿದಾಗ ಪೋಸ್ಟ್‌ಮ್ಯಾನ್ ಆಗಲೇ ಕೊಕ್ಕೆಗೆ ಫಲಕ ಸಿಕ್ಕಿಸಿ, ಏದುಸಿರು ಬಿಡುತ್ತ, ಹೊಲಿಗೆ ಕಲಿಯಲು ಬಂದವರಂತೆ ಒಂದು ಮಿಷಿನ್ನಿನ ಮುಂದೆ ಕೂತಿದ್ದರು.

"ಇವರೂ ಕಲೀತಾರಾ?" ಎಂದು ಮೇಡಂ ಕೇಳಿದರು.

"ಗುಂಡಿ ಕಾಜಾ ಮಾತ್ರ," ಎಂದರು ಹೊಲಿಗೆ ಟೀಚರ್. ಆಕೆಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಮುಖ ಕೆಂಪಾಯಿತು. ಮಾತು ಬದಲಿಸಬೇಕೆಂದು ಫಲಕದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಅವರ ಕೈಯಲ್ಲಿದ್ದ, ಬಟ್ಟೆಗೆ ಗುರುತು ಹಾಕುವ ಚಾಕ್ ತಗಡಿಗೆ ತಗುಲಿ, ಲಾಂಛನದ ಪಕ್ಕ ಉದ್ದಕ್ಕೆ ಒಂದು ನೀಲಿ ಗೆರೆ ಬಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಮೇಡಂ ಎರಡು ಎಂದು ಬರೆದುಕೊಂಡರು.

ಗ್ರಹಚಾರ ಕೆಟ್ಟದ್ದು ವಾಚನಾಲಯದಲ್ಲಿ. ತಗಡನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟ ಪೋಸ್ಟ್‌ಮ್ಯಾನ್‌ಗೆ ಎದುರುಗಾಳಿ ಸಿಕ್ಕಿ, ಸ್ಕೂಟರ್ ಮುಂದೆ ಹೋಗುವ ಬದಲು ಅಡ್ಡಡ್ಡ ಹೋಗತೊಡಗಿತ್ತು. ಕಾರೇ ಮೊದಲು ತಲುಪಿತು. ಬಾಗಿಲ ಮೇಲೆ ಎರಡು ಕೊಕ್ಕೆಗಳು ಖಾಲಿ ನೇತಾಡುತ್ತಿದ್ದವು. ಮೇಡಂ ಕಾರಿನಿಂದ ಇಳಿಯುವಷ್ಟರಲ್ಲಿ ಸಂಯೋಜಕ ಓಡಿಹೋಗಿ ಕೊಕ್ಕೆಗಳಿಗೆ ಅಡ್ಡ ನಿಂತ. ಅವನು ಕುಳ್ಳ, ಕೊಕ್ಕೆ ಎರಡೂ ಅವನ ತಲೆಯ ಮೇಲೆ ಕೊಂಬಿನಂತೆ ಕಾಣುತ್ತಿದ್ದವು.

ಆಗ ಎದುರಿನ ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಓಡಿಬಂದ. ಬೆಳಗಿನಿಂದ ವಿಷಯ ಇಡೀ ಬಡಾವಣೆಗೆ ಗೊತ್ತಾಗಿತ್ತು, ಮೇಡಂ ಒಬ್ಬರನ್ನು ಬಿಟ್ಟು.

"ಮೇಡಂ, ನಮ್ಮ ಅಂಗಡಿಗೂ ಒಂದ್ಸಲ ಬನ್ನಿ. ನಿಮ್ಮ ಟ್ರಸ್ಟಿನಿಂದ ನಮಗೆ ತುಂಬಾ ಉಪಕಾರ ಆಗಿದೆ. ಎರಡು ವರ್ಷದಿಂದ ಒಬ್ಬರೂ ಚರಂಡಿಗೆ..."

"ಬೇಡ! ಅಲ್ಲಿಗೆ ಬೇಡ!" ಎಂದು ಸಂಯೋಜಕ ಕಿರುಚಿದ. ಮೇಡಂ ಬೆಚ್ಚಿಬಿದ್ದು ತಿರುಗಿದರು. "ಅಂದ್ರೆ, ಮೊದ್ಲು ಪುಸ್ತಕ ನೋಡಿ ಮೇಡಂ. ಒಂದೊಂದಾಗಿ."

ಒಳಗೆ ಕರೆದೊಯ್ದು ಮೊದಲ ಕಪಾಟಿನ ಮೊದಲ ಪುಸ್ತಕದಿಂದ ಶುರುಮಾಡಿದ. ಹದಿನೇಳನೆಯ ಪುಸ್ತಕಕ್ಕೆ ಬರುವಾಗ ಹೊರಗೆ ಧಡಾರ್ ಎಂಬ ಸದ್ದಾಯಿತು. ಹೊರಗೆ ಬಂದು ನೋಡಿದರೆ ಫಲಕ ಜಾಗದಲ್ಲಿತ್ತು, ಸ್ವಲ್ಪ ಸೊಟ್ಟಗೆ. ಪೆಟ್ಟು ಬಿದ್ದು ಬಲಗಡೆಯ ಮೂಲೆ ನೆಗ್ಗಿತ್ತು. ಮೇಡಂ ಮೂರು ಎಂದು ಬರೆದುಕೊಂಡರು. ಪೋಸ್ಟ್‌ಮ್ಯಾನ್ ಗೋಡೆಯ ಹಿಂದೆ ಮೊಣಕೈ ಉಜ್ಜಿಕೊಳ್ಳುತ್ತಿದ್ದರು.

ಕೊನೆಯದು ಬಸ್ ತಂಗುದಾಣ. ಅಲ್ಲಿ ಫಲಕ ಕಾರಿಗಿಂತ ಮೊದಲೇ ಮುಟ್ಟಿತ್ತು. ಮೇಡಂ ಅದರ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡರು.

"ವಾಚನಾಲಯದ ಫಲಕಕ್ಕೂ ಇದೇ ಮೂಲೆ ನೆಗ್ಗಿತ್ತಲ್ಲ?"

"ಕಂಪನಿ ಅಚ್ಚೇ ಹಾಗಿರಬೇಕು ಮೇಡಂ."

"ಈ ನೀಲಿ ಗೆರೆ?"

"ಅದೂ ಅಚ್ಚೇ," ಎಂದ ಸಂಯೋಜಕ. ತಾನು ಇಷ್ಟೊಂದು ಸುಳ್ಳು ಹೇಳಬಲ್ಲೆ ಎಂಬುದೇ ಅವನಿಗೆ ಅವತ್ತಿನವರೆಗೆ ತಿಳಿದಿರಲಿಲ್ಲ, ತಿಳಿದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಮೇಡಂ "ನಾಲ್ಕು," ಎಂದು ಬರೆದು, ಕೆಳಗೆ ಸಹಿ ಹಾಕಿ, ಮೊದಲ ಸಲ ನಕ್ಕರು. "ತುಂಬಾ ಸಂತೋಷ ಆಯ್ತು. ಹನ್ನೆರಡು ಊರು ಸುತ್ತಿ ಬಂದೆ. ಫಲಕ ಉಳಿಸ್ಕೊಂಡಿರೋರು ನೀವೊಬ್ಬರೇ. ನಿಮ್ಮ ಮುಂದುವರಿಕೆ ಕಾಗದ ತಂದಿದ್ದೀನಿ."

ಲಕೋಟೆ ಕಡತದಿಂದ ಅರ್ಧ ಹೊರಗೆ ಬಂತು. ಸಂಯೋಜಕ ಕೈ ಚಾಚಿದ.

"ಒಂದು ಸಣ್ಣ ಕೆಲಸ ಬಾಕಿ ಇದೆ," ಎಂದು ಮೇಡಂ ಲಕೋಟೆಯನ್ನು ಮತ್ತೆ ಒಳಗೆ ಸರಿಸಿದರು. "ಕಂಪನಿ ಲಾಂಛನ ಬದಲಾಗಿದೆ. ಹಳೇ ಫಲಕ ಒಂದೂ ಹೊರಗೆ ಉಳೀಬಾರ್ದು ಅಂತ ಆಜ್ಞೆ. ಅದಕ್ಕೇ ನಾನು ಬಂದಿದ್ದು. ನಾಲ್ಕೂ ಬಿಚ್ಚಿಸಿ ಕಾರಿಗೆ ಹಾಕ್ಸಿಬಿಡಿ, ಕಾಗದ ಕೊಟ್ಟು ಹೊರಡ್ತೀನಿ."

ಡ್ರೈವರ್ ಕಾರಿನ ಡಿಕ್ಕಿ ತೆರೆದು ನಿಂತ. ಅದರೊಳಗೆ ಒಂದು ಫಲಕವೂ ಇರಲಿಲ್ಲ.

"ಬೇರೆ ಊರಿನವು?" ಎಂದು ಸಂಯೋಜಕ ಕೇಳಿದ.

"ಅಯ್ಯೋ, ಅಲ್ಲೆಲ್ಲಾ ಯಾವತ್ತೋ ಕಳೆದು ಹೋಗಿವೆ. ಗಾಳಿಗೆ ಬಿದ್ದು ಹೋಯ್ತು ಅಂತ ಒಂದು ಸಾಲು ಬರೆದುಕೊಟ್ರು, ಮುಗೀತು. ಅವರಿಗೆಲ್ಲಾ ಅಲ್ಲೇ ಕಾಗದ ಕೊಟ್ಟೆ. ನಿಮಗೆ ಆ ತಾಪತ್ರಯ ಇಲ್ಲವಲ್ಲ. ನಾಲ್ಕೂ ಇವೆ, ನಾನೇ ಕಣ್ಣಾರೆ ನೋಡಿ ಸಹಿ ಹಾಕಿದ್ದೀನಿ."

ಒಂದು ಸಾಲು. ಬೆಳಿಗ್ಗೆ ಫೋನಿನಲ್ಲೇ ಹೇಳಿಬಿಡಬಹುದಾಗಿದ್ದ ನಿಜವಾದ ಒಂದು ಸಾಲು. ಈಗ ಅದನ್ನು ಬರೆಯುವಂತೆಯೂ ಇಲ್ಲ. ತಾನೇ ಕಟ್ಟಿಸಿದ ತಂಗುದಾಣದ ಕಲ್ಲುಬೆಂಚಿನ ಮೇಲೆ ಸಂಯೋಜಕ ಮೊದಲ ಸಲ ಕೂತ.

ಅಷ್ಟರಲ್ಲಿ ಕಂಬದ ಮರೆಯಿಂದ ಪೋಸ್ಟ್‌ಮ್ಯಾನ್ ಬಂದು ಅವನ ಕಿವಿಯಲ್ಲಿ ಪಿಸುಗುಟ್ಟಿದರು. "ಹೆದರ್ಬೇಡಿ ಕಣ್ರೀ, ನಾನಿದ್ದೀನಿ. ಇದನ್ನೇ ನಾಲ್ಕು ಸಲ ಡಿಕ್ಕಿಗೆ ಹಾಕೋಣ. ಡ್ರೈವರ್ ಆ ಕಡೆ ತಿರುಗಿದಾಗ ನಾನು ಈ ಕಡೆಯಿಂದ ತಗೀತೀನಿ."

ಬೇಡ ಎಂದು ಹೇಳಲು ಸಂಯೋಜಕ ಬಾಯಿ ತೆರೆಯುವಷ್ಟರಲ್ಲಿ ಅವರು ಫಲಕ ಬಿಚ್ಚಿ ಕೊಂಡೊಯ್ದು ಡಿಕ್ಕಿಯೊಳಗೆ ಇಟ್ಟಾಗಿತ್ತು. ಡ್ರೈವರ್ ಧಬ್ಬನೆ ಡಿಕ್ಕಿ ಮುಚ್ಚಿ, ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿದ.

ಮೇಡಂ ಕಡತ ತೆರೆದು ಪೆನ್ನು ಹಿಡಿದರು.

"ಒಂದು," ಎಂದರು. "ಇನ್ನು ಮೂರು ತರಿಸಿ."