ಆರು ಗಂಟೆಯವರೆಗೆ ಬಾಯಿಗೆ ಬೀಗ

ಎಲ್ಲ ಶುರುವಾದದ್ದು ಒಂದು ಹುಬ್ಬಿನಿಂದ! ಕಟಿಂಗ್ ಅಂಗಡಿಯ ಮೈಕಣ್ಣ ಮಾತಿನ ಭರದಲ್ಲಿ ಸ್ವಂತ ಭಾವಮೈದುನನ ಎಡಹುಬ್ಬನ್ನೇ ಹಾರಿಸಿಬಿಟ್ಟಿದ್ದ.

"ನಾಳೆ ಸಂಜೆ ಆರರ ತನಕ ಒಂದೂ ಮಾತಾಡ್ದೆ ಇರಿ ನೋಡೋಣ!" ಹೆಂಡತಿ ಸವಾಲು ಹಾಕಿದಳು. "ಗೆದ್ರೆ ಈ ಜನ್ಮದಲ್ಲಿ ನಿಮಗೆ 'ಸುಮ್ನಿರಿ' ಅನ್ನಲ್ಲ. ಸೋತ್ರೆ ನಿಮ್ಮ ಫೋನು ನನ್ನ ತಮ್ಮನಿಗೆ!"

"ಅಷ್ಟೇನಾ? ಕೇಳಿಲ್ಲಿ, ಒಂದ್ಸಲ ಏನಾಯ್ತಂದ್ರೆ..."

"ಅದನ್ನ ನಾಡಿದ್ದು ಹೇಳಿ!"

ಬೆಳಿಗ್ಗೆ ಮೊದಲ ಗಿರಾಕಿ ಪಕ್ಕದಂಗಡಿಯ ಟೈಲರ್. ಅರ್ಧ ಕಟಿಂಗ್ ಆಗಿತ್ತು. "ಏನಣ್ಣ, ಮಾತೇ ಇಲ್ಲ?" ಎಂದ. ಮೈಕಣ್ಣನೊಳಗೆ ಮಾತು ಕುಕ್ಕರಿನ ಆವಿಯಂತೆ ಒತ್ತಿತು. ಕೈಯಲ್ಲಿ ರೇಜರ್ ಇದ್ದುದನ್ನು ಮರೆತು, ಗಂಟಲು ಕಟ್ಟಿದೆ ಎಂಬಂತೆ ತನ್ನ ಕತ್ತಿನತ್ತ ತೋರಿಸಿದ. ಟೈಲರ್ ಅರ್ಧ ತಲೆಯಲ್ಲೇ ಬೀದಿಗೆ ಹಾರಿದ!

ಹತ್ತೇ ನಿಮಿಷ. "ಮೈಕಣ್ಣನ ಸ್ವರ ಹೋಯ್ತಂತೆ!" ಬೀದಿಯೆಲ್ಲ ಗುಲ್ಲು. ಮೆಡಿಕಲ್ ಶಾಪಿನವರು ಗಂಟಲಿಗೆ ಟಾರ್ಚ್ ಬಿಟ್ಟು, "ಓಡ್ಸಿ ಓಡ್ಸಿ ಸವೆದಿದೆ ಪಾಪ," ಎಂದು ಮೂರು ಲೋಟ ಉಪ್ಪುನೀರು ಕುಡಿಸಿದರು.

ಆಮೇಲೆ ಟೈಲರ್ ಉಳಿದರ್ಧ ತಲೆ ಹೊತ್ತು ಮರಳಿ ಬಂದ. "ಇನ್ನು ನೀನು ಯಾರಿಗೂ ಹೇಳೋಕಾಗಲ್ವಲ್ಲ, ಅದಕ್ಕೆ ಹೇಳ್ತೀನಿ," ಎಂದು ಪಿಸುಗುಟ್ಟಿದ. "ಹೆಡ್‌ಮಾಸ್ಟರ್ ಪ್ಯಾಂಟನ್ನ ಇಲಿ ಕಡೀಲಿಲ್ಲ ಕಣಯ್ಯ. ನಾನೇ ಇಸ್ತ್ರಿ ಇಟ್ಟು ಸುಟ್ಟೆ! ಆಹಾ, ಈಗ ಎದೆ ಹಗುರಾಯ್ತು."

ಮೈಕಣ್ಣನಿಗೆ ಗುಟ್ಟು ಹೇಳಿದರೆ ಎದೆ ಹಗುರಾಗುತ್ತದೆಂಬ ಸುದ್ದಿಯೂ ಹಬ್ಬಿತು. ಮೆಡಿಕಲ್ ಶಾಪಿನವರು ಬಂದು ತಲೆಗೂದಲನ್ನೇ ಎತ್ತಿ ತೋರಿಸಿದರು. "ವಿಗ್ಗು! ಹೆಂಡ್ತಿಗೂ ಗೊತ್ತಿಲ್ಲ. ಅದಕ್ಕೇ ನಿನ್ನ ಹತ್ರ ಕಟಿಂಗಿಗೆ ಬರ್ತಿರಲಿಲ್ಲ." ಹೆಡ್‌ಮಾಸ್ಟರರಂತೂ ಕಣ್ಣೀರೇ ಹಾಕಿದರು: "ನಂಗೆ ಹದಿನೇಳರ ಮಗ್ಗಿ ಬರಲ್ಲ!" ಸಂಜೆಗೆ ಬಾಗಿಲಾಚೆವರೆಗೂ ಸಾಲು. ಒಂದು ಕೂದಲೂ ಇಲ್ಲದವರೂ ನಿಂತಿದ್ದರು! ಮೈಕಣ್ಣನ ಹೊಟ್ಟೆ ಈಗಲೋ ಆಗಲೋ ಒಡೆಯುವ ಬಲೂನು.

ಆರಕ್ಕೆ ಐದು ನಿಮಿಷವಿರುವಾಗ ಹೆಂಡತಿ ಬಂದು ಗಡಿಯಾರದ ಕೆಳಗೆ ಕೂತಳು. ಟಣ್! ಆರು ಹೊಡೆಯಿತು.

"ಗೆದ್ದೆ ಕಣೇ! ಅಬ್ಬಬ್ಬಾ, ಇವತ್ತು ಏನೇನ್ ಕೇಳಿದೆ ಗೊತ್ತಾ? ಮೊದಲು ಆ ಟೈಲರ್..."

ಸಾಲೆಲ್ಲ ತಿರುಗಿ ನೋಡಿತು! ಟೈಲರ್ ತನ್ನ ದೊಡ್ಡ ಕತ್ತರಿಯ ಸಮೇತ ಓಡಿ ಬಂದ. ಹೆಡ್‌ಮಾಸ್ಟರು ಬಾಗಿಲಿಗೆ ಅಡ್ಡ ನಿಂತು ತೋಳು ಮಡಚಿದರು. ಮೆಡಿಕಲ್ ಶಾಪಿನವರು ಎರಡೂ ಕೈಯಲ್ಲಿ ತಮ್ಮ ತಲೆ ಒತ್ತಿ ಹಿಡಿದು ದುರುಗುಟ್ಟಿದರು.

ಹೆಂಡತಿಯ ಕಣ್ಣು ಮಾತ್ರ ಮಿನುಗುತ್ತಿತ್ತು. ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ಟೈಲರ್ ಏನ್ಮಾಡಿದ್ರು? ಹೇಳ್ರೀ! ನಾನು ಸುಮ್ನಿರಿ ಅನ್ನಲ್ಲ, ದಮ್ಮಯ್ಯ, ಹೇಳ್ರೀ!"

ಮೈಕಣ್ಣ ಕತ್ತರಿ ನೋಡಿದ. ತೋಳು ನೋಡಿದ. ಗೆದ್ದ ಮಾತನ್ನೆಲ್ಲ ಒಂದೇ ಗುಟುಕಿಗೆ ನುಂಗಿದ.

"ಮುಂದಿನೋರು ಯಾರು? ಕಟಿಂಗಾ, ಶೇವಿಂಗಾ?"