ಮಾವನವರಿಗೊಂದು ಎಡಗನ್ನಡಿ

ಪದ್ಮಲತಾ: ನಿಲ್ಸ್ರೀ! ರೀ, ನಿಲ್ಸಿ ಅಂತ ಆಗ್ಲಿಂದ ಬಡ್ಕಂತಾ ಇದ್ದೀನಿ! ಹಿಂದೆ ಚೌಡಕ್ಕ ಓಡ್ಬತ್ತವ್ಳೆ.

ನಾನು: ಹಾರೈಸೋಕೆ ಬತ್ತಿರ್ತಾಳೆ ಬಿಡೆ. ಶುಭಕಾರ್ಯಕ್ಕೆ ಹೊರಟಿದ್ದೀವಲ್ಲ.

ಪದ್ಮಲತಾ: ಹಾರೈಸೋಕಲ್ಲ, ಹಾರ್ತಿರೋದನ್ನ ಹಿಡಿಯೋಕೆ. ಅವಳ ಲಂಗ ನಿಮ್ಮ ಕನ್ನಡಿಗೆ ಸಿಕ್ಕಂಡೈತೆ!

ಬ್ರೇಕು ಒತ್ತಿದೆ. ಹಿಂದಿನ ದಿನವಷ್ಟೇ ಹಾಕಿಸಿದ್ದ ಎಡಗನ್ನಡಿ ಕಾರಿನಿಂದ ಒಂದು ಗೇಣು ಆಚೆ ಚಾಚಿಕೊಂಡಿತ್ತು. ಪಕ್ಕದ ಮನೆಯ ಚೌಡಕ್ಕ ಹಗ್ಗಕ್ಕೆ ಹಾಕಿದ್ದ ನೇರಳೆ ಲಂಗ ಅದಕ್ಕೆ ತಗುಲಿ, ಹಿಂದೂಪುರದ ನಮ್ಮ ಬೀದಿಯುದ್ದಕ್ಕೂ ಬಾವುಟದಂತೆ ಹಾರಿಕೊಂಡು ಬಂದಿತ್ತು. ಟೀ ಅಂಗಡಿಯ ಮುಂದೆ ನಿಂತಿದ್ದ ಇಬ್ಬರು, ಯಾವ ಪಕ್ಷವೆಂದು ತಿಳಿಯದಿದ್ದರೂ ಇರಲಿ ಅಂತ ಕೈ ಮುಗಿದಿದ್ದರು.

ಚೌಡಕ್ಕ: ಏನಪ್ಪಾ ಜಯಚಂದ್ರ, ಕಾನ್ವೆಂಟಲ್ಲಿ ಓದ್ದೋನು ನೀನು! ಹೆಂಗಸ್ರ ಬಟ್ಟೆ ಎತ್ಕಂಡೋಗೋದನ್ನೂ ಅಲ್ಲೇ ಹೇಳ್ಕೊಟ್ರಾ?

ನಾನು: ಎಕ್ಸ್‌ಕ್ಯೂಸ್ ಮಿ ಅಕ್ಕಾ, ಕಾಣ್ಲಿಲ್ಲ.

ಚೌಡಕ್ಕ: ಮೊರದಗಲ ಕನ್ನಡಿ ಮಡಿಕ್ಕಂಡು ಕಾಣ್ಲಿಲ್ಲ ಅಂತೀಯಲ್ಲ!

ನಾನು: ಕನ್ನಡಿ ತುಂಬಾ ನಿಮ್ಮ ಲಂಗಾನೇ ಇತ್ತಲ್ಲಕ್ಕಾ, ಬೇರೇನು ಕಾಣ್ಬೇಕು?

ಇದು ಸಮಜಾಯಿಷಿಯೆಂದೇ ನಾನು ತಿಳಿದಿದ್ದೆ. ಚೌಡಕ್ಕ ಹಾಗೆ ತಿಳಿಯಲಿಲ್ಲ. ಅವಳು ಬೈದದ್ದು ಅಚ್ಚ ತೆಲುಗಿನಲ್ಲಿ. ನಮ್ಮೂರಿನಲ್ಲಿ ಪ್ರೀತಿಗೆ ಕನ್ನಡ, ಲೆಕ್ಕಕ್ಕೆ ಇಂಗ್ಲಿಷು, ಬೈಗುಳಕ್ಕೆ ತೆಲುಗು.

ಕನ್ನಡಿಯ ಮೂಲ ಕಲ್ಯಾಣದುರ್ಗದಲ್ಲಿತ್ತು. ನನ್ನ ಮಾವ ಜಯರಾಮಪ್ಪನವರು ಕುಂದುರ್ಪಿ ರೂಟಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ನನ್ನ ಪುಟ್ಟ ಹಳೆಯ ಕಾರಿಗೆ ಹುಟ್ಟಿದಾಗಿನಿಂದ ಇದ್ದದ್ದು ಬಲಗಡೆ ಒಂದೇ ಕನ್ನಡಿ. “ಕಾರು ಹತ್ತಿ ಮಾವ” ಎಂದಾಗಲೆಲ್ಲ ಅವರು, “ಎಡಗನ್ನಡಿ ಇಲ್ದಿದ್ರೆ ನಂಗೆ ಧೈರ್ಯ ಸಾಲ್ದು ಅಳಿಯಂದ್ರೇ” ಎಂದು ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿಬಿಡುತ್ತಿದ್ದರು. ಇಷ್ಟು ದಿನ ಹೇಗೋ ನಡೆಯಿತು. ಆದರೆ ಅಂದು ಸಂಜೆ ಮಗಳು ಶಿರೀಷಾಳನ್ನು ಕೊಡುವ ಮನೆಯವರು ಮೊದಲ ಸಲ ನಮ್ಮ ಮನೆಗೆ ಬರುವವರಿದ್ದರು. ಹೆಣ್ಣಿನ ತಾತ ಬೀಗರ ಕಣ್ಣೆದುರು ಬಸ್ಸಿಳಿದು ಚೀಲ ಹೊತ್ತುಕೊಂಡು ಬಂದರೆ ನನ್ನ ಮಾನ ಏನಾಗಬೇಕು? ಅವರು ನನ್ನ ಕಾರಿನಿಂದಲೇ ಇಳಿಯಬೇಕು. ಅದಕ್ಕೇ ಗುಜರಿ ಅಂಗಡಿಯ ಗಂಗುಲಪ್ಪನ ಬಳಿ ಹೋಗಿದ್ದೆ. ನಮ್ಮ ಮಾಡೆಲ್ಲಿನ ಕನ್ನಡಿ ಅವನಲ್ಲಿರಲಿಲ್ಲ. ಯಾವುದೋ ಎತ್ತರದ ಜೀಪಿನ ಜೋಡಿಯನ್ನು ಬಾಗಿಲಿಗೆ ತೂತು ಕೊರೆದು ಕೂರಿಸಿಕೊಟ್ಟ.

ಪದ್ಮಲತಾ: ಮೊಲದ ತಲೆಗೆ ಆನೆ ಕಿವಿ ಅಂಟಿಸ್ದಂಗೈತೆ.

ನಾನು: ಕಿವಿ ಅಲ್ಲ ಕಣೆ, ಗಾಡಿಗೆ ಅವು ಕಣ್ಣು.

ಪದ್ಮಲತಾ: ಹಂಗಾದ್ರೆ ಮೆಳ್ಳೆಗಣ್ಣು. ಎಡಗಡೇದ್ರಲ್ಲಿ ಏನು ಕಾಣ್ತದೆ?

ನಾನು: ಸದ್ಯಕ್ಕೆ ಆಕಾಶ.

ಪದ್ಮಲತಾ: ಬಲಗಡೆ?

ನಾನು: ನಾನು.

ಪದ್ಮಲತಾ: ರೋಡು?

ನಾನು: ರೋಡು ಮುಂದೇನೇ ಐತಲ್ಲೇ, ಅದಕ್ಯಾಕೆ ಕನ್ನಡಿ?

ಪದ್ಮಲತಾ: ಗಂಗುಲಪ್ಪಂಗೆ ಹೇಳ್ಲಿಲ್ವಾ ಇದನ್ನ?

ನಾನು: ಹೇಳ್ದೆ. ಎತ್ತರದ ಗಾಡೀದು ಸಾರ್, ಕುಳ್ಳಗೆ ಕೂರಿಸಿದ್ರೆ ಮೇಲಕ್ಕೇ ನೋಡ್ತದೆ, ಬತ್ತಾ ಬತ್ತಾ ಅಡ್ಜಸ್ಟ್ ಆಯ್ತದೆ, ಸಂಸಾರ ಇದ್ದಂಗೆ ಅಂದ.

ಪದ್ಮಲತಾ: ಸಂಸಾರ ಇದ್ದಂಗೇನಾ? ಹಂಗಾದ್ರೆ ಆಯ್ತು ಬಿಡಿ, ಇದೂ ಅಡ್ಜಸ್ಟ್ ಆಗಲ್ಲ.

ನಾನು: ತೆಲುಗಲ್ಲಿ ಕನ್ನಡಿಗೆ ಅದ್ದಂ ಅಂತಾರಲ್ಲ, ಅದಕ್ಕೇ ಎಲ್ಲಾದಕ್ಕೂ ಅಡ್ಡಂ ಬತ್ತಾ ಐತೆ.

ಪದ್ಮಲತಾ: ಈಗ ನಗ್ಬೇಕಾ?

ನಾನು: ಅರ್ಜೆಂಟಿಲ್ಲ. ಕಲ್ಯಾಣದುರ್ಗ ಬಂದ್ಮೇಲೆ ನಗು.

ಪದ್ಮಲತಾ: ನಂಗೇನೋ ಅನುಮಾನ ಕಣ್ರೀ. ಅಪ್ಪ ಬರೀ ಕನ್ನಡಿಗೋಸ್ಕರ ಹಂಗಂತಾರಾ ಅಂತ.

ನಾನು: ಇನ್ಯಾತಕ್ಕೆ? ಬೇರೆ ಏನಾದ್ರೂ ಇದ್ರೆ ಅವ್ರು ಬಾಯಿಬಿಟ್ಟು ಹೇಳ್ತಿದ್ರು.

ಪದ್ಮಲತಾ: ಅಳಿಯನ ಎದುರಿಗಾ? ನಮ್ಮ ಮನೆ ಊಟದಲ್ಲಿ ಉಪ್ಪು ಜಾಸ್ತಿ ಆದ್ರೆ ಅಪ್ಪ ಏನಂತಾರೆ ಹೇಳಿ?

ನಾನು: ಎಲೆ ಬಲು ಚೆನ್ನಾಗೈತೆ ಅಂತಾರೆ.

ಪದ್ಮಲತಾ: ಅಷ್ಟೇ ಕಣ್ರೀ ನಾನು ಹೇಳಿದ್ದು.

ಅಷ್ಟು ಹೇಳಿದ್ದು ನನಗೆ ಸಾಲಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರು ನೇರವಾಗಿ ಹೇಳಿದ್ದನ್ನಷ್ಟೇ ಅರ್ಥ ಮಾಡಿಕೊಳ್ಳಲು ಕಲಿಸಿದ್ದರು.

ಕಲ್ಯಾಣದುರ್ಗದಲ್ಲಿ ಮಾವನವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಟೈರಿಗೊಂದು ಒದೆ ಕೊಟ್ಟರು, ಹೆಗಲ ಮೇಲಿನ ಟವೆಲಿನ ತುದಿಯಿಂದ ಎಡಗನ್ನಡಿ ಒರೆಸಿದರು. ಒಳಗೆ ಕಾಫಿಯ ಜೊತೆ ಮಗಳಿಂದ ಲಂಗದ ಕತೆಯನ್ನೂ ಪೂರ್ತಿಯಾಗಿ ಕುಡಿದು ಬಂದರು.

ಮಾವ: ಬಲು ಚೆನ್ನಾಗೈತೆ ಅಳಿಯಂದ್ರೇ ಕನ್ನಡಿ. ಈ ಗಾಡೀದಲ್ಲ, ಅಲ್ವಾ?

ನಾನು: ದೊಡ್ಡ ಗಾಡೀದು ಮಾವ. ನಿಮಗೋಸ್ಕರ ಹಾಕ್ಸಿದ್ದು. ಹತ್ತುತೀರಾ ಹಂಗಾದ್ರೆ?

ಮಾವ: (ಒಂದು ಸಲ ಬಸ್‌ಸ್ಟ್ಯಾಂಡಿನ ದಿಕ್ಕಿಗೆ ನೋಡಿ) ಹತ್ತದೆ ಇರೋಕಾಯ್ತದಾ? ಕನ್ನಡಿ ಬಂದ್ಬುಟ್ಟೈತಲ್ಲ.

ಪದ್ಮಲತಾ ಹಿಂದೆ ಕೂತಳು. ಮಾವನವರು ನನ್ನ ಪಕ್ಕ ಕೂತು, ಗಾಜು ಇಳಿಸಿ, ಕೈ ಹೊರಗೆ ಚಾಚಿ ಎಡಗನ್ನಡಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ನನಗೆ ಇದ್ದ ಆಕಾಶವೂ ಹೋಯಿತು.

ನಾನು: ಮಾವಾ, ಅದು ನಾನು ನೋಡ್ಬೇಕಾದ್ದು...

ಮಾವ: ನೀವು ಮುಂದೆ ನೋಡ್ಕಳಿ ಅಳಿಯಂದ್ರೇ. ಹಿಂದಿಂದೆಲ್ಲಾ ನಾನು ನೋಡ್ಕಂತೀನಿ.

ಎಂಥ ಮಾತು! ಸೀನಿಯರ್ ಡ್ರೈವರೊಬ್ಬರು ನನ್ನನ್ನು ಸರಿಸಮನೆಂದು ಒಪ್ಪಿದ ಹಾಗಾಯಿತು. ಆ ಉಮೇದಿನಲ್ಲಿ ಮೊದಲನೆಯ ಹಂಪು ನನಗೆ ಕಾಣಲಿಲ್ಲ. ಮಾವನವರ ತಲೆ ಮೇಲಕ್ಕೆ ಹೋಗಿ ಬಡಿಯಿತು.

ಮಾವ: (ನೆತ್ತಿ ಸವರಿಕೊಳ್ಳುತ್ತ) ಟಾಪು ಗಟ್ಟಿಯಾಗೈತೆ.

ನಾನು: ಹಳೇ ಕಾಲದ ತಗಡು ಮಾವ.

ಗೇರು ಬದಲಾಯಿಸಿದೆ. ಕೆಳಗೆ ಯಾರೋ ಕಲ್ಲು ರುಬ್ಬಿದಂತಾಯಿತು.

ಮಾವ: ಸೌಂಡು ಖಣಖಣ ಅಂತದೆ.

ಕಡಲೆಕಾಯಿ ಹೊಲಗಳ ನಡುವೆ ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು. ಹಾರನ್ ಒತ್ತಿಕೊಂಡೇ ಹೋಗಿ, ಕೊನೆಯ ಕುರಿಯ ಬಾಲಕ್ಕೆ ಮುತ್ತಿಡುವಷ್ಟು ದೂರದಲ್ಲಿ ನಿಲ್ಲಿಸಿದೆ. ಕುರಿ ತಿರುಗಿ ನಮ್ಮ ಕಾರಿನ ಎರಡು ಕನ್ನಡಿಗಳನ್ನೂ ಒಮ್ಮೆ ನೋಡಿ, ತನ್ನ ಕಿವಿಗಳೇ ವಾಸಿ ಎಂಬಂತೆ ಹೊರಟುಹೋಯಿತು.

ಮಾವ: (ಎರಡು ಕೈಯಲ್ಲೂ ಸೀಟು ಹಿಡಿದುಕೊಂಡು) ಹಾರನ್ ಮಾತ್ರ ಫಸ್ಟ್ ಕ್ಲಾಸು ಅಳಿಯಂದ್ರೇ.

ನಾನು: ಕೇಳಿದ್ಯೇನೇ ಪದ್ಮಾ? ಟಾಪು, ಸೌಂಡು, ಹಾರನ್ನು!

ಪದ್ಮಲತಾ: ಕೇಳ್ದೆ. ಎಲೆ ಚೆನ್ನಾಗೈತೆ ಅಂತವ್ರೆ.

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎಂದುಕೊಂಡು ಆಕ್ಸಿಲರೇಟರ್ ಒತ್ತಿದೆ. ಕಣ್ಣಮುಂದೆ ಸಂಜೆಯ ಚಿತ್ರವೇ ಓಡುತ್ತಿತ್ತು: ಬೀಗರು ಬಾಗಿಲಲ್ಲಿ, ಕಾರು ನಿಂತಿತು, ಮಾವ ಗತ್ತಿನಿಂದ ಇಳಿದರು. ಪಕ್ಕಕ್ಕೆ ತಿರುಗಿದರೆ ಮಾವನವರು ಎಡಗನ್ನಡಿಯಿಂದ ಕಣ್ಣು ಕೀಳದೆ ಕೂತಿದ್ದರು. ನೋಡನೋಡುತ್ತ ಅವರ ಮುಖ ಅರಳಿತು. ಕಳೆದುಹೋದ ನೆಂಟ ಸಂತೆಯಲ್ಲಿ ಸಿಕ್ಕಿದಾಗ ಅರಳುತ್ತದಲ್ಲ, ಹಾಗೆ. ಇಷ್ಟು ವರ್ಷ ಒಂದು ಕನ್ನಡಿಗೋಸ್ಕರ ಈ ಹಿರಿಯ ಜೀವವನ್ನು ಕಾಯಿಸಿದೆನಲ್ಲ!

ನಾನು: ಮಾವಾ, ಆಗ್ಲಿಂದ ಕನ್ನಡೀನೇ ನೋಡ್ತಾ ಇದ್ದೀರಿ. ನಿಜ ಹೇಳಿ, ಹೆಂಗೈತೆ?

ಮಾವ: ಬಲು ಚೆನ್ನಾಗೈತೆ ಅಳಿಯಂದ್ರೇ. ಹಿಂದೆ ಹಿಂದೂಪುರದ ಬಸ್ಸು ಬತ್ತಾ ಐತೆ. ಬೋರ್ಡು ತಿರುಗಾಮುರುಗಾ ಕಾಣ್ತದೆ, ಆದ್ರೂ ಓದ್ಬೌದು. ಸೀಟೂ ಖಾಲಿ ಇದ್ದಂಗೈತೆ. ಎಡಗನ್ನಡಿ ಇಲ್ದಿದ್ರೆ ಇದೆಲ್ಲಾ ನಂಗೆ ಹೆಂಗೆ ಗೊತ್ತಾಯ್ತಿತ್ತು? ಒಸಿ ಪಕ್ಕಕ್ಕೆ ಹಾಕಿ, ಕೈ ತೋರಿಸ್ತೀನಿ.

ಕಾರು ಪಕ್ಕಕ್ಕೆ ನಿಲ್ಲುವಷ್ಟರಲ್ಲೇ ಹಿಂದಿನ ಬಾಗಿಲು ಸದ್ದು ಮಾಡಿತು. ಪದ್ಮಲತಾ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

ನಾನು: ಬೀಗ್ರ ಮುಂದೆ ನನ್ನ ಮಾನ ಏನಾಗ್ಬೇಕು ಮಾವಾ?

ಮಾವ: (ಇಳಿದು, ಕನ್ನಡಿಯನ್ನು ಮತ್ತೆ ಆಕಾಶಕ್ಕೆ ತಿರುಗಿಸಿ) ಅದ್ಯಾಕೆ ಯೋಚ್ನೆ ಮಾಡ್ತೀರಿ? ನಿಮ್ಮ ಬೀದಿ ಮೂಲೇಲಿ ಕಾಯ್ತಿರ್ತೀವಿ. ನೀವು ಬಂದ್ಮೇಲೆ ಅಲ್ಲಿಂದ ಮನೆಗಂಟ ಕಾರಲ್ಲೇ ಬತ್ತೀವಿ. ಚೌಡಕ್ಕಂಗೆ ಮಾತ್ರ ಫೋನ್ ಮಾಡಿ, ಬಟ್ಟೆ ಎತ್ತಿಡೋಕೆ ಹೇಳಿ.