ಅಳಿಯ ತಂದ ತಿರುಗಿಸೋ ರೇಡಿಯೋ

ಅನಂತರಾಜುವಿನ ಸಂಸಾರ ಕೆಟ್ಟದ್ದು ಒಂದೇ ಒಂದು ಫೋನ್ ಕರೆಯಿಂದ. ಗುಬ್ಬಿಯ ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದ ಅವನು, ಕಾರ್ಯದರ್ಶಿಗಳ ದನಿಯಲ್ಲಿ, ಅವರ ಕೆಮ್ಮಿನ ಸಮೇತ, ಇಡೀ ಆಫೀಸಿಗೆ ಫೋನಿನಲ್ಲೇ ರಜೆ ಘೋಷಿಸಿದ್ದ. ಉಳಿದವರ ರಜೆ ಅವತ್ತಿಗೇ ಮುಗಿಯಿತು. ಅನಂತರಾಜುವಿನದು ಇನ್ನೂ ನಡೆಯುತ್ತಿತ್ತು. ಅದರ ಹೆಸರು ಸಸ್ಪೆನ್ಷನ್.

ಹೆಂಡತಿ ಅರುಣಾ ಉಪ್ಪಾರಹಳ್ಳಿಯ ಬಾಡಿಗೆ ಮನೆ ಬಿಟ್ಟು ಅಮೃತೂರಿನ ತವರು ಸೇರಿದಳು. ಕರೆಯಲು ಹೋದಾಗ ಮಾವ ಗುಂಡಯ್ಯ ಹೊಸ್ತಿಲಲ್ಲೇ ತಡೆದಿದ್ದರು.

"ಮಿಮಿಕ್ರಿ ಅಂದ್ರೆ ಏನಪ್ಪಾ? ಕೋತಿ ಆಟ. ಅದ್ಕೇನಾರ ಮರ್ಯಾದೆ ಐತೆ ಅಂತ ತೋರ್ಸು. ಆಮೇಲೆ ಕರ್ಕೊಂಡೋಗು."

ಇವತ್ತು ಆ ಮರ್ಯಾದೆಯ ದಿನ. ಮಧ್ಯಾಹ್ನ ರೇಡಿಯೋದಲ್ಲಿ ಅನಂತರಾಜುವಿನ ಹಾಸ್ಯ ಕಾರ್ಯಕ್ರಮ ಬರುವುದಿತ್ತು. ಆದರೆ ಲೈನ್ ಕೆಲಸ, ಅಮೃತೂರಿಗೆ ಸಂಜೆವರೆಗೆ ಕರೆಂಟಿಲ್ಲ ಎಂದು ಬೆಳಿಗ್ಗೆಯೇ ಸುದ್ದಿ ಬಂತು. ಮೊಬೈಲಿನಲ್ಲಿ ಕೇಳಿಸೋಣವೆಂದರೆ ಮಾವ ಮೊಬೈಲನ್ನು ನಂಬುವವರಲ್ಲ. "ಅದ್ರಲ್ಲಿ ಈಗ ಸತ್ತೋರ ಕೈಲೂ ಮಾತಾಡಿಸ್ತಾರೆ" ಎನ್ನುತ್ತಿದ್ದರು. ಹೀಗಾಗಿ ಅನಂತರಾಜು ತುಮಕೂರಿನ ಇಸಾಕ್ ಸಾಬರ ರೇಡಿಯೋ ಅಂಗಡಿ ಬಾಗಿಲು ತೆರೆಯುವ ಮೊದಲೇ ಅದರ ಮುಂದೆ ನಿಂತಿದ್ದ.

"ಸೆಲ್ ಹಾಕೋ ರೇಡಿಯೋ ಸ್ಟಾಕಿಲ್ಲ ಸ್ವಾಮಿ. ಕೈಯಲ್ಲಿ ತಿರುಗಿಸೋದು ಇದೆ" ಎಂದು ಸಾಬರು ಮೂರನ್ನು ಗಾಜಿನ ಮೇಲಿಟ್ಟರು. "ಇದಕ್ಕೆ ಬಿಸಿಲು ಸಾಕು. ಇದಕ್ಕೆ ಟಾರ್ಚಿದೆ, ಸೈರನ್ ಇದೆ. ಕಾಡಲ್ಲಿ ಟೆಂಟ್ ಹಾಕೋರಿಗೆ ಅಂತಾನೇ ಮಾಡಿರೋದು. ಕರಡಿ ಬಂತು ಅಂತ ಇಟ್ಕೊಳ್ಳಿ, ಈ ಬಟನ್ ಒತ್ತಿದ್ರೆ ಹೆದರಿ ಓಡೋಗುತ್ತೆ."

"ನಾನು ಹೋಗ್ತಿರೋದು ಮಾವನ ಮನೆಗೆ ಸಾಬ್ರೇ."

"ಹಂಗಾದ್ರೆ ಗ್ಯಾರಂಟಿ ಇದೇ ಬೇಕು!"

ಮೂರನೆಯದು ಕಪ್ಪಗೆ, ದಪ್ಪಗೆ, ಬಾವಿ ರಾಟೆಯಂಥ ಹಿಡಿಯೊಂದಿಗೆ ಕುಳಿತಿತ್ತು. ಅನಂತರಾಜು ತಿರುಗಿಸಿದ. ದನಿ ಅಂಗಡಿ ದಾಟಿ ಬೀದಿಗೆ ಬಿತ್ತು. ತನ್ನ ದನಿ ಇದರಲ್ಲಿ ಹೇಗೆ ಮೊಳಗಬಹುದೆಂದು ನೆನೆದು ಅವನ ಮೈ ಜುಮ್ಮೆಂದಿತು.

"ಅದು ಬೇಡಪ್ಪಾ" ಎಂದರು ಗಲ್ಲಾದಲ್ಲಿದ್ದ ಸಾಬರ ಹೆಂಡತಿ ಜಮಾಲುನ್ನೀಸಾ. "ಅದ್ರ ಬ್ಯಾಟರಿ ಹೋಗಿದೆ. ತಿರುಗಿಸ್ತಾ ಇರೋವರೆಗೂ ಮಾತಾಡುತ್ತೆ. ಕೈ ಬಿಟ್ರೆ ಬಾಯಿ ಮುಚ್ಚುತ್ತೆ."

"ಪರವಾಗಿಲ್ಲ, ನಾನೇ ತಿರುಗಿಸ್ತೀನಿ" ಎಂದು ಅದನ್ನೇ ಆರಿಸಿ, ಕಂಕುಳಲ್ಲಿ ಕೂಸಿನಂತೆ ಅವುಚಿಕೊಂಡು ಬಸ್ಸು ಹತ್ತಿದ.

ಮಾವನ ಮನೆಯಲ್ಲಿ ತಾನೇ ತಿರುಗಿಸುವುದು ಸಾಧ್ಯವಿಲ್ಲ ಎನ್ನುವುದು ಅಲ್ಲಿ ಹೋದಮೇಲೆ ಹೊಳೆಯಿತು.

"ಅಯ್ಯಯ್ಯೋ, ಅಳಿಯಂದ್ರ ಕೈಲಿ ಕೆಲ್ಸ ಮಾಡ್ಸುದ್ರೆ ಊರೋರು ಏನಂದಾರು!" ಎಂದು ಅತ್ತೆ ಪುಟ್ಟಗಂಗಮ್ಮ ರೇಡಿಯೋ ಕಿತ್ತುಕೊಂಡರು. ಮಗಳನ್ನು ಕಳಿಸದಿದ್ದರೂ ಅಳಿಯನ ಮರ್ಯಾದೆಗೆ ಕೊರತೆಯಾಗಬಾರದು. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೆ ಕೋಡುಬಳೆ ತಟ್ಟೆ ಕೊಟ್ಟರು. ಪಕ್ಕದ ಮನೆಯ ಭದ್ರಮ್ಮ, ಎದುರು ಮನೆಯ ಉದಯಕುಮಾರ್ ಜಗಲಿಗೆ ಬಂದು ಕುಳಿತರು. ಅರುಣಾ ಬಾಗಿಲ ಮರೆಯಲ್ಲಿ ನಿಂತಿದ್ದಳು.

ಪುಟ್ಟಗಂಗಮ್ಮ ತಿರುಗಿಸಿದರು. "ಈಗ ಹಾಸ್ಯ ಕಾರ್ಯಕ್ರಮ. ಇಂದಿನ ಕಲಾವಿದರು ತುಮಕೂರಿನ ಶ್ರೀ..." ಅಷ್ಟರಲ್ಲಿ ಅವರ ರಟ್ಟೆ ಸೋತು ಹಿಡಿ ಭದ್ರಮ್ಮನ ಕೈಗೆ ಹೋಯಿತು. ಆ ಗಳಿಗೆಯಲ್ಲೇ ಅನಂತರಾಜುವಿನ ಹೆಸರು ಗಾಳಿಯಲ್ಲಿ ಲೀನವಾಯಿತು.

ಮತ್ತೆ ಜೀವ ಬಂದಾಗ ರೇಡಿಯೋದಿಂದ ಬೋರ್‌ವೆಲ್ ಮೋಟರು ಗುರ್ರೆಂದಿತು.

"ಕರೆಂಟ್ ಬಂತು!" ಗುಂಡಯ್ಯ ಪಂಚೆ ಎತ್ತಿ ಕಟ್ಟಿ ತೆಂಗಿನ ತೋಟಕ್ಕೆ ಓಡಿದರು. ಹಿಂದೆಯೇ ಖಾಸಗಿ ಬಸ್ಸಿನ ಹಾರನ್ನು, "ಕುಣಿಗಲ್, ಕುಣಿಗಲ್, ರೈಟ್!" ಎಂಬ ಕೂಗು. ಮಗಳ ಮನೆಗೆ ಹೊರಟಿದ್ದ ಭದ್ರಮ್ಮ ಹಿಡಿ ಬಿಟ್ಟು, ಚೀಲ ಹಿಡಿದು ರಸ್ತೆಗೆ ಹಾರಿದರು. ಮೊಬೈಲ್ ಚಾರ್ಜಿಗೆ ಹಾಕಲು ಉದಯಕುಮಾರನೂ ಎದ್ದ. ಕಲಾವಿದ, ಅತ್ತೆ, ಕೋಡುಬಳೆ ಮತ್ತು ಮೂಕ ರೇಡಿಯೋ ಮಾತ್ರ ಜಗಲಿಯಲ್ಲಿ ಉಳಿದವು. ಅನಂತರಾಜು ಹಿಡಿಗೆ ಕೈ ಹಾಕಿದರೆ, "ನೀವ್ ಸುಮ್ಕಿರಿ ಅಳಿಯಂದ್ರೇ" ಎಂದು ಅತ್ತೆ ಕೈ ಹಿಡಿದರು.

ಓಡಿದವರೆಲ್ಲ ಏದುಸಿರು ಬಿಡುತ್ತ ವಾಪಸಾದರು. ಕರೆಂಟೂ ಇಲ್ಲ, ಬಸ್ಸೂ ಇಲ್ಲ.

"ಅದು... ನಾನು ಮಾವ" ಎಂದ ಅನಂತರಾಜು, ಚಿಕ್ಕ ದನಿಯಲ್ಲಿ.

"ಮೋಟ್ರು ನೀನಾ?"

"ಹೂಂ."

"ಬಸ್ಸೂ?" ಎಂದರು ಭದ್ರಮ್ಮ.

"ಕಂಡಕ್ಟರೂ ನಾನೇ."

ಗುಂಡಯ್ಯ ಅಳಿಯನನ್ನು ಹೊಸ ಎತ್ತು ನೋಡುವಂತೆ ಸುತ್ತಲೂ ನೋಡಿದರು. ಮೀಸೆಯ ಕೆಳಗೆ ನಗು ಕಾಣಿಸಿತು. "ಭಲೇ! ಇಪ್ಪತ್ ವರ್ಸದಿಂದ ಆ ಮೋಟ್ರು ಜೊತೆ ಏಗಿವ್ನಿ, ನನ್ನೇ ಯಾಮಾರ್ಸ್‌ಬಿಟ್ಟಲ್ಲೋ! ತಿರುಗ್ಸಲೇ ಉದಯ, ಜೋರಾಗ್ ತಿರುಗ್ಸು!"

ಅನಂತರಾಜು ರೇಡಿಯೋಗೆ ಅಡ್ಡ ಕೈ ಚಾಚಿದ. ಮುಂದೆ ಏನಿದೆಯೆಂದು ಅವನೊಬ್ಬನಿಗೆ ಗೊತ್ತಿತ್ತು. ರೆಕಾರ್ಡ್ ಮಾಡುವಾಗ ನಗು ಬರಲೆಂದು ಹಾಕಿದ್ದು. "ಸಾಕು ಮಾವ, ಮುಂದಿನದು ಅಷ್ಟೇನಿಲ್ಲ" ಎಂದ. ಉದಯಕುಮಾರ್ ಕಬ್ಬಿನ ಗಾಣ ತಿರುಗಿಸುವವನಂತೆ ತಿರುಗಿಸಿದ.

ರೇಡಿಯೋ ಗಂಟಲು ಸರಿಮಾಡಿಕೊಂಡಿತು. ಥೇಟ್ ಗುಂಡಯ್ಯನ ಗಂಟಲು. "ಏನಂದ್ಕಂಡಿದ್ದೀಯ ನನ್ನ? ಅಮೃತೂರ್ ಗುಂಡಯ್ಯ ಕಣೋ! ನನ್ ಮಗಳ್ನ ನಿನ್ ಜೊತೆ ಕಳ್ಸಲ್ಲ ಅಂದ್ರೆ ಕಳ್ಸಲ್ಲ! ಕಳ್ಸುದ್ರೆ ಈ ಮೀಸೆ ಬೋಳಿಸ್ಕೊತೀನಿ!"

ಬೀದಿಯ ಕೊನೆಯವರೆಗೂ ಕೇಳಿಸಿತು. ಅನಂತರಾಜು ಕಣ್ಣು ಮುಚ್ಚಿ ಏಟಿಗೆ ಕಾದ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಮಾವನ ಕಣ್ಣಲ್ಲಿ ನೀರು.

"ನನ್ ದನಿ! ಜಿಲ್ಲೆಗೆಲ್ಲಾ ಕೇಳ್ತಾ? ಕಲಾವಿದ ಕಣಪ್ಪಾ ನೀನು. ಒಪ್ದೆ."

ಅದನ್ನು ಕೇಳಿದ್ದೇ ಅರುಣಾ ಬ್ಯಾಗು ಹಿಡಿದು ಹೊರಬಂದಳು. ಮುಖ ಅರಳಿತ್ತು. ಅನಂತರಾಜು ಕುರ್ಚಿಯಿಂದ ಎದ್ದ.

"ಬ್ಯಾಗ್ ಒಳಗಿಡವ್ವ" ಎಂದರು ಗುಂಡಯ್ಯ.

"ಯಾಕಪ್ಪಾ? ಅವ್ರು ಬಂದ್ರೆ ಸಾಕು, ಏನೂ ಕೇಳ್ದೆ ಕಳಿಸ್ತೀನಿ ಅಂತ ಬೆಳಿಗ್ಗೆ ನೀವೇ ಅಂದ್ರಲ್ಲ! ಅದಕ್ಕೇ ತಾನೆ ಬಟ್ಟೆ ತುಂಬಿದ್ದು?"

ಅನಂತರಾಜುವಿನ ಕೈಯಿಂದ ಕೋಡುಬಳೆ ಜಾರಿತು. ಬರಿಗೈಲಿ ಬಂದಿದ್ದರೆ ಇಷ್ಟು ಹೊತ್ತಿಗೆ ಇಬ್ಬರೂ ತುಮಕೂರಿನ ಬಸ್ಸಿನಲ್ಲಿರುತ್ತಿದ್ದರು.

"ಬೆಳಿಗ್ಗೆ ಹೇಳಿದ್ದು ಅಡುಗೆಮನೇಲಿ ಕಣವ್ವ" ಎಂದರು ಗುಂಡಯ್ಯ, ನಿಜವಾದ ಸಂಕಟದಿಂದ. "ಇದು ಊರ್ ಹೆಸರು, ನನ್ ಹೆಸರು ಸಮೇತ ರೇಡಿಯೋದಲ್ಲಿ ಬಂದೈತೆ. ಈಗ ಕಳ್ಸುದ್ರೆ ನನ್ ಮಾತಿಗೆ ಏನ್ ಬೆಲೆ?"

"ಮಾವ, ಅದು ನಾನಾಡಿದ ಮಾತು!"

"ನಿಂಗೊತ್ತು, ನಂಗೊತ್ತು. ಕುಣಿಗಲ್ಲೋರ್ಗೆ ಗೊತ್ತಾ?"

"ಮೀಸೆ ಬ್ಯಾರೆ ಪಣಕ್ಕಿಟ್ಟವ್ರೆ" ಎಂದು ಭದ್ರಮ್ಮ ತಲೆಯಾಡಿಸಿದರು. "ಗಂಡ್ಸು ಆಡಿದ್ ಮಾತು ನುಂಗಕ್ಕಾಯ್ತದಾ?"

ಅರುಣಾ ಗಂಡನನ್ನು ಒಮ್ಮೆ ನೋಡಿದಳು. ಬ್ಯಾಗು ಒಳಗೆ ಹೋಯಿತು, ಹಿಂದೆ ಅವಳು. ಒಳಕೋಣೆಯ ಬಾಗಿಲು ಹಾಕಿಕೊಂಡಿತು.

ಅತ್ತೆ ಒಬ್ಬಟ್ಟು ಕಟ್ಟಿಕೊಟ್ಟರು. ಮಾವ ಹೊಸ ಪಂಚೆ ಹೊದಿಸಿದರು. ಇಡೀ ಬೀದಿ ಬೀಳ್ಕೊಡಲು ಬಂತು. ಅಮೃತೂರಿನಲ್ಲಿ ಯಾವ ಅಳಿಯನಿಗೂ ಅಂಥ ಮರ್ಯಾದೆ ಆಗಿರಲಿಲ್ಲ. ಅನಂತರಾಜು ರೇಡಿಯೋ ಎತ್ತಿಕೊಳ್ಳಲು ಬಗ್ಗಿದ.

ಗುಂಡಯ್ಯ ಅದರ ಮೇಲೆ ಕೈಯಿಟ್ಟರು.

"ಇದು ಇಲ್ಲೇ ಇರ್ಲಿ ಬುಡಪ್ಪಾ. ಭಾನುವಾರ ಇನ್ನೊಂದ್ಸಲ ಹಾಕ್ತಾರಂತೆ. ನೆಂಟ್ರಿಗೆಲ್ಲಾ ಹೇಳ್ಕಳ್ಸಿವ್ನಿ."